ಕಾರ್ಪೆಟ್ ಒಣಗಿಸಲು ತಾರಸಿಯ ಬೀಗ ತೆಗೆಯಿರಿ

ಸಂಪಾದಕರೇ, ನಮಸ್ಕಾರ.

ಮಳೆಗಾಲದಲ್ಲಿ ಕಾರ್ಪೆಟ್ ಮುಗ್ಗಲು ವಾಸನೆ ಹೊಡೆದರೆ ಏನು ಮಾಡಬೇಕು ಅಂತ ನಿಮ್ಮ ಪುರವಣಿಯಲ್ಲಿ ಸಲಹೆಗಳು ಬಂದಿದ್ದವು. ಗುಲಾಬಿ ನೀರು ಚಿಮುಕಿಸಿ, ಕರ್ಪೂರ ಇಡಿ, ಸಾಂಬ್ರಾಣಿ ಹಾಕಿ ಅಂತೆಲ್ಲ. ಸಾಂಬ್ರಾಣಿ ನನಗೂ ಇಷ್ಟವೇ. ಆದರೆ ಅದರಿಂದ ಮುಗ್ಗಲು ಹೋಗುವುದಿಲ್ಲ, ಒಂದು ಗಂಟೆ ಗೊತ್ತಾಗುವುದಿಲ್ಲ ಅಷ್ಟೆ. ನಾಫ್ತಲೀನ್ ಗುಳಿಗೆ ಇಡುವುದೂ ಹಾಗೇ, ಅದು ಹುಳಕ್ಕೆ, ಬೂಷ್ಟಿಗಲ್ಲ.

ವಾಸನೆ ಬರುತ್ತಿರುವುದೇ ಬೂಷ್ಟಿನಿಂದ. ಬಟ್ಟೆ, ನಾರು ಒದ್ದೆಯಾಗಿ 24ರಿಂದ 48 ಗಂಟೆ ಹಾಗೇ ಬಿದ್ದಿದ್ದರೆ ಸಾಕು, ಬೂಷ್ಟು ಶುರುವಾಗುತ್ತದೆ. ಮೈಸೂರಿನಲ್ಲಿ ಮಡಿಕೇರಿಯಷ್ಟು ಮಳೆ ಇಲ್ಲ, ನಿಜ. ಆದರೆ ಜುಲೈ, ಆಗಸ್ಟ್‌ನಲ್ಲಿ ಮೋಡ ಕವಿದುಕೊಂಡು ಜಿಟಿಜಿಟಿ ಹನಿಯುತ್ತಲೇ ಇರುತ್ತದಲ್ವಾ, ಆಗ ಕಿಟಕಿ ಮುಚ್ಚಿ, ಫ್ಯಾನೂ ಹಾಕದೆ ಕೂತರೆ ನೆಲಕ್ಕೆ ಅಂಟಿಕೊಂಡ ಕಾರ್ಪೆಟ್ಟಿಗೆ ಗಾಳಿ ಎಲ್ಲಿಂದ ಬರಬೇಕು? ಹಳೆಯ ಮನೆಗಳ ಕೆಂಪು ನೆಲದಲ್ಲಂತೂ ಕೆಳಗಿನಿಂದಲೇ ತೇವ ಬರುತ್ತದೆ. ಮೇಲೆ ಕೈಯಾಡಿಸಿದರೆ ಒಣಗಿದ ಹಾಗೇ ಇರುತ್ತದೆ. ಗೋಡೆ ಪಕ್ಕದ ಅಂಚನ್ನು ಒಂದು ಸಲ ಎತ್ತಿ ನೋಡಿ. ಹಿಂಬದಿಯ ಸೆಣಬು ತಣ್ಣಗೆ, ಮೆತ್ತಗೆ ಸಿಗುತ್ತದೆ, ಅದರ ಮೇಲೆ ಬೂದು ಬಣ್ಣದ ಚುಕ್ಕೆಗಳಿರುತ್ತವೆ, ಬೆರಳಿನಲ್ಲಿ ಉಜ್ಜಿದರೆ ಪುಡಿ ಅಂಟುತ್ತದೆ.

ಆದ್ದರಿಂದ ಮೊದಲ ಕೆಲಸ ಒಣಗಿಸುವುದು. ಹೊರಗೆ ತೆಗೆದುಕೊಂಡು ಹೋಗಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಎರಡೂ ಬದಿ ಬ್ರಷ್‌ನಲ್ಲಿ ಉಜ್ಜಿ, ಬಿಸಿಲಿಗೆ ಹಾಕಬೇಕು. ಮನೆಯೊಳಗೇ ಕೊಡವಬೇಡಿ. ಬೂಷ್ಟಿನ ಕಣಗಳು ರೂಮಿನ ತುಂಬ ಹರಡುತ್ತವೆ, ಆಸ್ತಮಾ ಇದ್ದವರಿಗೆ ತುಂಬಾ ಕಷ್ಟ. ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡ ಉದುರಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದುಬಿಟ್ಟರೆ ಉಳಿದ ವಾಸನೆಯೂ ಬಹಳ ಮಟ್ಟಿಗೆ ಹೋಗುತ್ತದೆ. ಒದ್ದೆ ಕಾರ್ಪೆಟ್ ಮೇಲೆ ಸೋಡ ಹಾಕಿದರೆ ಗಟ್ಟಿಯಾಗಿ ನಾರಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಅದನ್ನು ಕೀಳುವುದೇ ಇನ್ನೊಂದು ಕೆಲಸ. ಚುಕ್ಕೆ ಇರುವ ಕಡೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ತೆಳ್ಳಗೆ ಸಿಂಪಡಿಸಬಹುದು. ಅದಕ್ಕೂ ಮೊದಲು ಯಾವುದಾದರೂ ಮೂಲೆಯಲ್ಲಿ ಸ್ವಲ್ಪ ಹಚ್ಚಿ, ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದಾ ಅಂತ ನೋಡಿ. ಸಿಂಪಡಿಸಿದ ಮೇಲೆ ಮತ್ತೆ ಒಣಗಿಸಲೇಬೇಕು. ಉಣ್ಣೆಯದ್ದಕ್ಕೆ ಬ್ಲೀಚ್ ಮುಟ್ಟಿಸಬೇಡಿ, ನಾರೇ ಹಾಳಾಗುತ್ತದೆ. ಬ್ಲೀಚನ್ನೂ ವಿನೆಗರನ್ನೂ ಯಾವತ್ತೂ ಸೇರಿಸಬಾರದು, ಕ್ಲೋರಿನ್ ವಿಷಗಾಳಿ ಬರುತ್ತದೆ. ಇಂಥ ಸಲಹೆ ಬರೆಯುವವರು ಬೇರೆ ಏನು ಬಿಟ್ಟರೂ ಇದೊಂದನ್ನು ಬರೆಯಲಿ. ಅಡಿಯಲ್ಲಿ ಹಾಸಿದ ಸ್ಪಂಜಿಗೆ ಬೂಷ್ಟು ಹತ್ತಿದ್ದರೆ ಯೋಚನೆ ಮಾಡಬೇಡಿ, ಎಸೆಯಿರಿ.

ತೊಳೆಯಲು ಹೊರಗೆ ಕೊಡುವವರಿಗೂ ಒಂದು ಮಾತು. ನಮ್ಮ ಪಕ್ಕದ ಮನೆಯವರು ಒಂದು ಕಡೆ ಶಾಂಪೂ ಹಾಕಿಸಲು ಕೊಟ್ಟಿದ್ದರು. ತೊಳೆಯುವವರು ಅರೆ ಒದ್ದೆಯಲ್ಲೇ ಸುರುಳಿ ಸುತ್ತಿ, ಪ್ಲಾಸ್ಟಿಕ್ ಹಾಕಿ, ನೀಟಾಗಿ ಟೇಪ್ ಅಂಟಿಸಿ ವಾಪಸ್ ತಂದುಕೊಟ್ಟರು. ಬಿಚ್ಚಿದಾಗ ವಾಸನೆ ಮೊದಲಿಗಿಂತ ಜಾಸ್ತಿ, ದುಡ್ಡೂ ಹೋಯಿತು. ನೀರು ಹೀರುವ ಮೆಷಿನ್ ಇದೆಯಾ, ಎಲ್ಲಿ ಒಣಗಿಸುತ್ತೀರಿ ಅಂತ ಮೊದಲೇ ಕೇಳಿ.

ಇಷ್ಟೆಲ್ಲ ಬರೆದೆ, ಆದರೆ ನಮ್ಮಂಥ ಅಪಾರ್ಟ್‌ಮೆಂಟಿನವರು ಒಣಗಿಸುವುದು ಎಲ್ಲಿ? ನಮ್ಮ ಅಸೋಸಿಯೇಷನ್‌ನವರು ತಾರಸಿಗೆ ಬೀಗ ಜಡಿದಿದ್ದಾರೆ. ಬಾಲ್ಕನಿ ಕಂಬಿ ಮೇಲೆ ಹಾಕಿದರೆ ಕಟ್ಟಡದ ಅಂದ ಕೆಡುತ್ತದಂತೆ. ಸೋಲಾರ್ ಪ್ಯಾನೆಲ್ ಇದೆ, ಮಕ್ಕಳು ಹತ್ತುತ್ತಾರೆ ಅನ್ನುವ ಕಾರಣ ಒಪ್ಪಿದೆ, ಸುಮ್ನೆ ಜಗಳಕ್ಕೆ ಬರೆಯುತ್ತಿಲ್ಲ. ಆದರೆ ವಾಚ್‌ಮನ್ ನಿಂತಿದ್ದು ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ತೆಗೆದರೆ ಏನು ನಷ್ಟ? ಒಂದೊಂದು ವಾರ ಒಂದೊಂದು ಮಹಡಿಯವರು ಅಂತ ಹಂಚಿಕೊಂಡರೂ ಆಯಿತು.

ಇನ್ನೇನು ದಸರಾ ಬಂತು. ಗೊಂಬೆ ಕೂರಿಸುವ ಮನೆಗಳಲ್ಲಿ ಅಟ್ಟದ ಮೇಲಿನ ಜಮಖಾನ, ಕಾರ್ಪೆಟ್ ಎಲ್ಲ ಕೆಳಗಿಳಿಯುತ್ತವೆ. ಹತ್ತಿಯ ಜಮಖಾನವನ್ನಾದರೂ ಒಗೆದು ಹಾಕಬಹುದು, ದಪ್ಪ ಕಾರ್ಪೆಟ್‌ಗೆ ಬಿಸಿಲೇ ಗತಿ. ಮಳೆ ಹೊಳವಾದ ಭಾನುವಾರಗಳು ಈಗ ಸಿಗುವುದೇ ಕಮ್ಮಿ. ಊರಿನ ಅಪಾರ್ಟ್‌ಮೆಂಟ್ ಸಂಘದವರು ಇದನ್ನು ಓದಿದರೆ ಗೊಂಬೆ ಕೂರಿಸುವುದಕ್ಕೆ ಮೊದಲೇ ಕೀಲಿ ಕೊಡಲಿ.

— ಓದುಗಾರ್ತಿ, ಕುವೆಂಪುನಗರ, ಮೈಸೂರು