ಸುಗ್ಗಿ ಹಬ್ಬದ ದಿನ ಹೇಳಲಾಗದೆ ಉಳಿದ ಮಾತು

ಮೊನ್ನೆ ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ನಾನು ಕಾಣಿಕೆಯಾಗಿ ತಂದಿದ್ದ ಒಂದು ಸೇರು ಕರಿಮೆಣಸು ಹರಾಜಿಗೆ ಬಂದಾಗ, ಸಭೆಯ ಹಿರಿಯರೊಬ್ಬರು ಅದನ್ನು ಎತ್ತಿ ಹಿಡಿದು, ‘ಕುಸಿದ ಗುಡ್ಡವನ್ನು ಎತ್ತಿ ನಿಲ್ಲಿಸಿದವನ ಮೆಣಸು ಇದು’ ಎಂದು ಕೂಗಿದರು. ಮಾರುಕಟ್ಟೆಯ ಬೆಲೆಯ ಹತ್ತು ಪಟ್ಟಿಗೆ ಅದು ಹೋಯಿತು. ಆಮೇಲೆ ನನಗೆ ಶಾಲು ಹೊದಿಸಿ ಎರಡು ಮಾತಾಡಲು ಹೇಳಿದಾಗ ಗಂಟಲು ಕಟ್ಟಿ, ‘ಸ್ತೋತ್ರ’ ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಅಂದು ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲೂಕಿನ ಎಷ್ಟೋ ಕಡೆ ಗುಡ್ಡಗಳು ಜರಿದಾಗ, ನಮ್ಮ ಎರಡು ಎಕರೆ ಅರೇಬಿಕಾ ಕಾಫಿ ತೋಟವೂ ನೆರಳಿನ ಮರಗಳ ಸಮೇತ ಕೆಳಗಿನ ಕೆರೆಯೊಳಕ್ಕೆ ಹೋಯಿತು. ಬ್ಯಾಂಕಿನ ಸಾಲ ಮೊದಲೇ ಇತ್ತು, ಅದರ ಮೇಲೆ ಮನೆಯಾಕೆಯ ಒಡವೆಗಳೂ ಗಿರವಿಗೆ ಹೋದವು. ಮರುವರ್ಷದ ಜೂನ್‌ನಲ್ಲಿ ಚಂದ್ರಗಿರಿ ಎಂಬ ಕಾಫಿ ತಳಿಯ ಗಿಡ ನೆಟ್ಟೆವು. ಈ ವರ್ಷ ಸಾಲ ತೀರಿತು, ಒಡವೆ ಮನೆಗೆ ಬಂತು. ಇದನ್ನು ನನ್ನ ಛಲ ಮತ್ತು ದುಡಿಮೆಯ ಫಲವೆಂದು ಅನೇಕರು ಪ್ರೀತಿಯಿಂದ ಹೇಳುತ್ತಿದ್ದಾರೆ. ಅವರ ಪ್ರೀತಿಗೆ ನಾನು ಋಣಿ, ಆದರೆ ಆ ಲೆಕ್ಕ ಸರಿಯಿಲ್ಲ.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಗ್ಗು ಕಡ್ಡಿಗೆ ಅಂಟಿಕೊಂಡು ಹೂಮಳೆಗೆ, ಅಂದರೆ ಹೂವರಳಿಸುವ ಬೇಸಿಗೆಯ ಮಳೆಗೆ, ಕಾಯುತ್ತಿರುತ್ತದೆ. ಇಂಚು ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿ, ಬೀಳದಿದ್ದರೆ ಗೊಬ್ಬರ, ಚಿಗುರು ತೆಗೆತ, ಔಷಧಿ ಎಲ್ಲವೂ ವ್ಯರ್ಥ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕಿಕೊಳ್ಳುತ್ತಾರೆ. ನಮ್ಮ ಕೆರೆಯಲ್ಲಿ ಇದ್ದುದು ನಮ್ಮದೇ ತೋಟದ ಮಣ್ಣು. ನೆಟ್ಟ ನಾಲ್ಕನೆಯ ಬೇಸಿಗೆಯಲ್ಲಿ, ಮೊಗ್ಗಿನ ತುದಿ ಕಂದುಬಣ್ಣಕ್ಕೆ ತಿರುಗಲು ತೊಡಗಿದ್ದ ಹೊತ್ತಿನಲ್ಲಿ, ಒಂದು ಸಂಜೆ ಕಣದ ಕಲ್ಲಿನ ಮೇಲೆ ದಪ್ಪ ಹನಿಗಳು ಬಿದ್ದು ಆವಿಯೆದ್ದುದನ್ನು ನಾನು ಜಗಲಿಯಲ್ಲಿ ಕೈಕಟ್ಟಿ ಕುಳಿತು ನೋಡಿದೆ. ಆ ಸಂಜೆ ನಾನು ಮಾಡಿದ ಕೆಲಸ ಅಷ್ಟೇ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ, ನೆಟ್ಟವನು ತಾನು, ನೀರು ಹೊಯ್ದವನು ಜೊತೆ ಬೋಧಕನಾದ ಅಪೊಲ್ಲೋಸನು, ಬೆಳೆಸಿದವನು ಮಾತ್ರ ದೇವರು ಎಂದು ಹೇಳುತ್ತಾನೆ. ‘ನಾನು ಪೌಲನವನು’, ‘ನಾನು ಅಪೊಲ್ಲೋಸನವನು’ ಎಂದು ಬಣ ಕಟ್ಟಿಕೊಂಡವರಿಗೆ ಹೇಳಿದ ಮಾತದು. ಆದರೆ ಅಲ್ಲಿಯೇ, ನೆಡುವವನಿಗೂ ನೀರು ಹೊಯ್ಯುವವನಿಗೂ ಅವರವರ ಪ್ರಯಾಸಕ್ಕೆ ತಕ್ಕ ಕೂಲಿ ಉಂಟೆಂದೂ ಇದೆ. ನಾವು ಇದನ್ನು ಅಷ್ಟಾಗಿ ಓದುವುದಿಲ್ಲ. ಮಹಿಮೆಯೆಲ್ಲ ದೇವರಿಗೆ ಎಂದು ಹೇಳಿ ಆಳುಗಳ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳುವವರನ್ನು ನಾನು ಕಂಡಿದ್ದೇನೆ, ಒಂದೆರಡು ಸಲ ನಾನೇ ಹಾಗೆ ಮಾಡಿದ್ದೇನೆ. ದೇವರಿಗೆ ಕೀರ್ತಿ ಸಲ್ಲಿಸುವಾಗ ಬಿಟ್ಟುಕೊಡಬೇಕಾದದ್ದು ನನ್ನ ಪಾಲನ್ನೇ ಹೊರತು ಇನ್ನೊಬ್ಬರ ಪಾಲನ್ನಲ್ಲ. ಆದ್ದರಿಂದ ಜಾರುವ ಇಳಿಜಾರಿನಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗುಂಡಿ ತೆಗೆದ ಅಸ್ಸಾಮಿನ ಹುಡುಗರಿಗೂ, ನರ್ಸರಿಯ ಬುಟ್ಟಿ ಗಿಡಗಳಿಗೆ (ಚೀಲದಲ್ಲಿ ಬೆಳೆಸಿದ ಸಸಿಗಳಿಗೆ) ಎರಡು ವರ್ಷ ಹಣ ಕೇಳದ ಪಕ್ಕದ ತೋಟದ ಗೌಡರಿಗೂ, ಮಳೆಯ ರಾತ್ರಿಗಳಲ್ಲಿ ನಮ್ಮ ಮನೆಯಲ್ಲೇ ಉಳಿದು ಪ್ರಾರ್ಥಿಸಿದ ಸಭೆಯ ಪಾಸ್ಟರ್ ಅಯ್ಯನವರಿಗೂ ನಾನು ಋಣಿ. ಇವರನ್ನು ಕಳುಹಿಸಿದವನು ದೇವರೆಂದು ನಂಬುವುದರಿಂದ ಆ ಋಣ ಕಡಿಮೆಯಾಗುವುದಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಸಾಕ್ಷಿ ಅರ್ಧ ಸುಳ್ಳಾಗುತ್ತದೆ. ನನ್ನ ಸಾಲ ತೀರಿದ್ದು ಬೆಳೆಯಿಂದಷ್ಟೇ ಅಲ್ಲ, 2024-25ರಲ್ಲಿ ಕಾಫಿಗೆ ಬಂದ ಬೆಲೆಯಿಂದ. ಆ ಬೆಲೆ ಏರಲು ಬ್ರೆಜಿಲ್ ಮತ್ತು ವಿಯೆಟ್ನಾಂನ ಬರ ಒಂದು ಮುಖ್ಯ ಕಾರಣ. ನಮ್ಮಂತೆಯೇ ಆಕಾಶ ನೋಡುತ್ತ ಕುಳಿತ ಬೆಳೆಗಾರರು ಅಲ್ಲಿಯೂ ಇದ್ದರು, ಅವರಲ್ಲಿ ಕ್ರೈಸ್ತರೂ ಇದ್ದಾರು. ಅಷ್ಟು ದೂರ ಹೋಗುವುದೇಕೆ, ಅದೇ ಮಳೆಯಲ್ಲಿ ತೋಟ ಕಳೆದುಕೊಂಡ, ನನಗಿಂತ ಹೆಚ್ಚು ಪ್ರಾರ್ಥಿಸುವ, ನಮ್ಮದೇ ಸಭೆಯ ಸಹೋದರನೊಬ್ಬ ಇಂದಿಗೂ ಚಿಕ್ಕಮಗಳೂರಿನಲ್ಲಿ ಬಾಡಿಗೆ ಆಟೋ ಓಡಿಸುತ್ತಿದ್ದಾನೆ. ನನ್ನ ನಂಬಿಕೆಗೆ ದೇವರು ಕೊಟ್ಟ ಬಹುಮಾನವಿದು ಎಂದು ನಾನು ಹೇಳಿದರೆ ಅವನ ನಂಬಿಕೆಗೆ ಏನೆಂದು ಹೆಸರಿಡಲಿ? ಅದು ದೇವರ ಹೆಸರಿನಲ್ಲಿ ನನ್ನನ್ನೇ ಹೊಗಳಿಕೊಂಡಂತೆ. ಅದಕ್ಕೇ ನಾನು ಇದನ್ನು ಕೃಪೆ ಎನ್ನುತ್ತೇನೆ. ಯಾಕೆ ನನಗೆ ಎಂಬುದು ನನಗೆ ಗೊತ್ತಿಲ್ಲ.

ಆ ಸಹೋದರ ಬರುವ ಜೂನ್‌ನಲ್ಲಿ ತನ್ನ ಇಳಿಜಾರಿನಲ್ಲಿ ಮತ್ತೆ ಗಿಡ ನೆಡಲು ಒಪ್ಪಿದ್ದಾನೆ. ನಮ್ಮ ನರ್ಸರಿಯಲ್ಲಿ ಐನೂರು ಬುಟ್ಟಿ ಗಿಡ ಅವನಿಗಾಗಿ ಬೆಳೆಯುತ್ತಿವೆ. ನನಗೆ ಮತ್ತೊಂದು ಶಾಲು ಹೊದಿಸಬೇಕೆಂದಿರುವವರು ದಯವಿಟ್ಟು ಅದರ ಬದಲು, ಮಳೆ ಹಿಡಿದ ಮೊದಲ ಶನಿವಾರ ಗುದ್ದಲಿಯೊಂದಿಗೆ ಅಲ್ಲಿಗೆ ಬನ್ನಿ. ತಿಂಡಿ ಕಾಫಿ ನಮ್ಮ ಮನೆಯಿಂದ ಬರುತ್ತದೆ.