ಮೂರು ಕಲ್ಲಿನ ಒಲೆ: ಬಾಸ್ಟನ್‌ನಿಂದ ಚಿಕ್ಕಪ್ಪನಿಗೆ

ಬಾಸ್ಟನ್
ಭಾನುವಾರ, 24 ಜನವರಿ 2010

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ. ನಿಮ್ಮ ಕಾಗದ ತಲುಪಿತು. ಅಮೆರಿಕದ ಆರೋಗ್ಯ ಮಸೂದೆ ಎರಡೂ ಸದನಗಳಲ್ಲಿ ಪಾಸಾದ ಮೇಲೂ ಯಾಕೆ ಕುಂಟುತ್ತಿದೆ, ಒಂದು ರಾಜ್ಯದ ಉಪಚುನಾವಣೆಗೆ ಇಷ್ಟು ಗದ್ದಲ ಯಾಕೆ ಎಂದು ಕೇಳಿದ್ದೀರಿ. ನೀವು ಇಡೀ ಸರ್ವೀಸು ವಿಮಾ ಆಫೀಸಿನಲ್ಲಿ ಕಳೆದವರು. ಪ್ರೀಮಿಯಂ, ಕ್ಲೇಮು, ಲ್ಯಾಪ್ಸು ಎಂದರೇನು ಎಂದು ನಿಮಗೆ ಹೇಳಹೊರಟರೆ ನನಗೇ ನಗು ಬರುತ್ತದೆ. ಇಲ್ಲಿನದು ಎಲ್ಲಿ ಬೇರೆ ಅನ್ನುವುದನ್ನಷ್ಟೇ ಬರೆಯುತ್ತೇನೆ.

ಇಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೆಯ್ಡ್. ಎರಡೂ 1965ರಲ್ಲಿ ಹುಟ್ಟಿದ ಸರ್ಕಾರಿ ಯೋಜನೆಗಳು. ಉಳಿದವರಲ್ಲಿ ಹೆಚ್ಚಿನವರ ವಿಮೆ ನೌಕರಿಗೆ ಗಂಟುಬಿದ್ದಿದೆ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಸರ್ಕಾರ ಸಂಬಳ ಏರಿಸದಂತೆ ಕಟ್ಟುಹಾಕಿತು. ಆಳು ಸಿಗದ ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. 1954ರ ತೆರಿಗೆ ಕಾನೂನು ಆ ಹಣಕ್ಕೆ ತೆರಿಗೆ ಇಲ್ಲ ಎಂದು ಗಟ್ಟಿ ಮಾಡಿತು. ಅಲ್ಲಿಂದ ಬೇರುಬಿಟ್ಟದ್ದು ಈಗ ಕೀಳಲು ಬಾರದ ಮರ. ಹೋದ ವರ್ಷದ ಲೆಕ್ಕದಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬದ ವಿಮೆಗೆ ಸರಾಸರಿ ವರ್ಷಕ್ಕೆ 13,375 ಡಾಲರ್. ಅದರಲ್ಲಿ ನೌಕರನ ಸಂಬಳದಿಂದ ಮುರಿದುಕೊಳ್ಳುವುದು 3,515. ಮಿಕ್ಕದ್ದನ್ನು ಕಂಪನಿ ಕಟ್ಟುತ್ತದೆ, ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ನೌಕರಿ ಹೋದ ದಿನ ಕಾಣುತ್ತದೆ. ಕೋಬ್ರಾ ಎಂಬ ಕಾನೂನಿನಡಿ ಅದೇ ವಿಮೆಯನ್ನು 18 ತಿಂಗಳು ಇಟ್ಟುಕೊಳ್ಳಬಹುದು, ಆದರೆ ಪೂರ್ತಿ ಕಂತು, ಮೇಲೆ ಆಫೀಸು ಖರ್ಚಿಗೆ ನೂರಕ್ಕೆ ಎರಡು, ಎಲ್ಲ ನಾವೇ ಕಟ್ಟಬೇಕು. ಸಂಬಳ ನಿಂತ ತಿಂಗಳಲ್ಲೇ ಸಾವಿರ ಡಾಲರ್ ಮೀರಿದ ಕಂತು! ಆರ್ಥಿಕ ಕುಸಿತದಿಂದಾಗಿ ಸರ್ಕಾರ ನೂರಕ್ಕೆ 65 ಭಾಗ ತಾನು ಹಾಕುತ್ತಿದೆ. ಒಂಬತ್ತು ತಿಂಗಳಿದ್ದ ಆ ಸಹಾಯವನ್ನು ಕಳೆದ ತಿಂಗಳು ಹದಿನೈದಕ್ಕೆ ಏರಿಸಿದರು.

ಸ್ವಂತ ಕಸುಬಿನವರು, ಸಣ್ಣ ಅಂಗಡಿಯ ಕೆಲಸದವರು, ಕೋಬ್ರಾ ಮುಗಿದವರು ಒಂಟಿಯಾಗಿ ವಿಮೆ ಕೊಳ್ಳಹೋದರೆ ಅಲ್ಲಿದೆ ನಿಜವಾದ ಬವಣೆ. ಬಹುಪಾಲು ರಾಜ್ಯಗಳಲ್ಲಿ ವಿಮಾ ಕಂಪನಿ ಪುಟಗಟ್ಟಲೆ ಆರೋಗ್ಯದ ಪ್ರಶ್ನೆ ಕೇಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಆಗುವುದಿಲ್ಲ ಅನ್ನಬಹುದು, ದುಪ್ಪಟ್ಟು ಕಂತು ಕೇಳಬಹುದು, ಇಲ್ಲವೇ ಆ ಕಾಯಿಲೆಯೊಂದನ್ನು ಬಿಟ್ಟು ಪಾಲಿಸಿ ಕೊಡಬಹುದು. ಕೊಟ್ಟ ಮೇಲೂ ನಂಬಿಕೆ ಇಲ್ಲ. ದೊಡ್ಡ ಕ್ಲೇಮು ಬಂದರೆ ಹಳೆಯ ಅರ್ಜಿ ತೆಗೆದು, ಬರೆಯದೆ ಬಿಟ್ಟ ಯಾವುದೋ ಕಾಯಿಲೆ ಹುಡುಕಿ, ಪಾಲಿಸಿಯನ್ನು ಮೊದಲ ದಿನದಿಂದಲೇ ರದ್ದು ಮಾಡುತ್ತಾರೆ. ಹೀಗೆ ಯಾವುದೂ ಇಲ್ಲದವರು 2008ರಲ್ಲಿ 4 ಕೋಟಿ 63 ಲಕ್ಷ ಎಂದು ಜನಗಣತಿ ಇಲಾಖೆ ಹೇಳುತ್ತದೆ. ತುರ್ತು ಚಿಕಿತ್ಸೆಯ ವಿಭಾಗಕ್ಕೆ ಹೋದರೆ 1986ರ ಕಾನೂನಿನಂತೆ ಯಾರನ್ನೂ ನೋಡದೆ ಹೊರಗೆ ಕಳಿಸುವಂತಿಲ್ಲ, ಪ್ರಾಣಾಪಾಯ ತಪ್ಪಿಸಲೇಬೇಕು. ಬಿಲ್ ಮಾತ್ರ ಆಮೇಲೆ ಮನೆಗೆ ಬರುತ್ತದೆ.

ವಿಮೆ ಇರುವುದರಿಂದ ಏನು ವ್ಯತ್ಯಾಸ ಎಂದು ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಇಲ್ಲಿ ಆಸ್ಪತ್ರೆಗೆ ಹೋಗಿಬಂದ ಕೆಲವು ವಾರಕ್ಕೆ ವಿಮಾ ಕಂಪನಿಯಿಂದ ಒಂದು ಹಾಳೆ ಬರುತ್ತದೆ. ಮೇಲುಗಡೆಯೇ ‘ಇದು ಬಿಲ್ ಅಲ್ಲ’ ಎಂದು ಅಚ್ಚಾಗಿರುತ್ತದೆ. ಆಸ್ಪತ್ರೆ ಹಾಕಿದ ಬೆಲೆ 4,200 ಎಂದಿಟ್ಟುಕೊಳ್ಳಿ. ಪಕ್ಕದ ಕಾಲಂನಲ್ಲಿ ಕಂಪನಿ ಒಪ್ಪಿದ ಬೆಲೆ 1,900. ಮಧ್ಯದ 2,300 ಯಾರೂ ಕೊಡುವುದಿಲ್ಲ, ಒಪ್ಪಂದದ ಪ್ರಕಾರ ಆಸ್ಪತ್ರೆ ಬಿಟ್ಟುಬಿಡುತ್ತದೆ. 1,900ರಲ್ಲಿ ಮೊದಲ 500 ನಮ್ಮದು. ಇದಕ್ಕೆ ಡಿಡಕ್ಟಿಬಲ್ ಅನ್ನುತ್ತಾರೆ, ವರ್ಷಕ್ಕೊಮ್ಮೆ ಮುಗಿಯುವ ಹೊರೆ. ಉಳಿದ 1,400ಕ್ಕೆ ನೂರಕ್ಕೆ ಇಪ್ಪತ್ತರಂತೆ 280. ಒಟ್ಟು ನಾವು ಕೊಡುವುದು 780, ಕಂಪನಿ ಕೊಡುವುದು 1,120. ವಿಮೆ ಇಲ್ಲದವನಿಗೆ ಎರಡನೇ ಕಾಲಂ ಇಲ್ಲವೇ ಇಲ್ಲ, ಅವನ ಕೈಗೆ ಬರುವ ಕಾಗದದಲ್ಲಿ 4,200 ಎಂದೇ ಇರುತ್ತದೆ. ಚೌಕಾಸಿ ಮಾಡುವ ತಾಕತ್ತಿಲ್ಲದವನಿಗೇ ಎಲ್ಲರಿಗಿಂತ ಹೆಚ್ಚು ಬೆಲೆ.

ಈಗ ಮಸೂದೆಗೆ ಬರುತ್ತೇನೆ. ಎರಡು ಸಾವಿರ ಪುಟ ಎಂದು ಎಲ್ಲರೂ ಹೆದರಿಸುತ್ತಾರೆ. ಪುಟ ಎಷ್ಟಾದರೂ ಇರಲಿ, ಅದರ ಹೊಟ್ಟೆಯಲ್ಲಿರುವುದು ಅಜ್ಜಿಯ ಹಳೆಯ ಅಡುಗೆಮನೆಯ ಮೂರು ಕಲ್ಲಿನ ಒಲೆ. ಒಂದು ಕಲ್ಲು: ಕಾಯಿಲೆ ನೋಡಿ ವಿಮೆ ನಿರಾಕರಿಸುವಂತಿಲ್ಲ, ಕಂತು ಏರಿಸುವಂತಿಲ್ಲ. ಎರಡನೆಯದು: ಎಲ್ಲರೂ ವಿಮೆ ಇಟ್ಟುಕೊಳ್ಳಲೇಬೇಕು, ಇಲ್ಲವಾದರೆ ದಂಡ. ಮೂರನೆಯದು: ಕಟ್ಟಲಾರದವರಿಗೆ ಸರ್ಕಾರದ ಸಹಾಯಧನ. ಜನಕ್ಕೆ ಮೊದಲ ಕಲ್ಲು ಇಷ್ಟ, ಎರಡನೆಯದು ಕಂಡರೆ ಉರಿ, ಮೂರನೆಯದರ ಖರ್ಚು ಕೇಳಿದರೆ ಜಗಳ. ಮೊದಲನೆಯದನ್ನಷ್ಟೇ ಇಟ್ಟು ಪಾತ್ರೆ ಏರಿಸಿ ಅನ್ನುವವರು ಎರಡೂ ಪಕ್ಷಗಳಲ್ಲಿದ್ದಾರೆ.

ಅದು ಯಾಕೆ ನಿಲ್ಲುವುದಿಲ್ಲ ಎಂದು ನಿಮಗೆ ಹೇಳಬೇಕಿಲ್ಲ, ಆದರೂ ಲೆಕ್ಕ ನೋಡಿ. ನೂರು ಜನರ ಗುಂಪಿನಲ್ಲಿ ಹತ್ತು ಜನ ರೋಗಿಗಳು, ತಲಾ 20,000 ಡಾಲರ್ ಖರ್ಚು. ತೊಂಬತ್ತು ಜನ ಗಟ್ಟಿಮುಟ್ಟು, ತಲಾ 500. ಒಟ್ಟು 2,45,000, ತಲೆಗೆ 2,450 ಕಂತು. ಐನೂರರ ಖರ್ಚಿಗೆ ಎರಡೂವರೆ ಸಾವಿರ ಯಾಕೆ ಕಟ್ಟಲಿ, ಕಾಯಿಲೆ ಬಂದ ದಿನ ಸೇರಿದರಾಯಿತು, ಹೇಗೂ ಇಲ್ಲ ಅನ್ನುವಂತಿಲ್ಲವಲ್ಲ ಎಂದು ನಲವತ್ತು ಜನ ಗಟ್ಟಿಗರು ಹೊರಗೆ ಹೋದರೆ ಕಂತು 3,750. ಅದನ್ನು ನೋಡಿ ಇನ್ನೂ ಮೂವತ್ತು ಜನ ಹೋದರೆ 7,000. ಕೊನೆಗೆ ಉಳಿಯುವುದು ರೋಗಿಗಳು ಮತ್ತು ದಿವಾಳಿ ಎದ್ದ ಕಂಪನಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡ ಅನ್ನುತ್ತೇವೆ. ಇಲ್ಲಿ ಹಾಗೆ ತೋಡಿದವನಿಗೆ ನೀರೂ ಸಿಗುತ್ತದೆ, ಅದೇ ತೊಂದರೆ.

ಇದು ಬರೀ ಪುಸ್ತಕದ ಲೆಕ್ಕವಲ್ಲ. ಇದೇ ಮ್ಯಾಸಚೂಸೆಟ್ಸ್ ರಾಜ್ಯ 1996ರಲ್ಲಿ ಮೊದಲ ಕಲ್ಲನ್ನು ಮಾತ್ರ ಇಟ್ಟು ನೋಡಿತ್ತು, ಒಂಟಿ ಪಾಲಿಸಿಗಳ ಕಂತು ಆಕಾಶಕ್ಕೆ ಹೋಯಿತು. 2006ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಉಳಿದೆರಡು ಕಲ್ಲನ್ನೂ ಸೇರಿಸಿದ ಕಾನೂನಿಗೆ ಸಹಿ ಹಾಕಿದರು. ಈಗ ಇಲ್ಲಿ ವಿಮೆ ಇಲ್ಲದವರು ನೂರಕ್ಕೆ ಮೂರಕ್ಕಿಂತ ಕಡಿಮೆ. ಕಡ್ಡಾಯ ಎಂದರೆ ಪೊಲೀಸು ಮನೆಗೆ ಬರುತ್ತಾನೆ ಎಂದುಕೊಳ್ಳಬೇಡಿ. ಪ್ರತಿ ಜನವರಿಯಲ್ಲಿ ವಿಮಾ ಕಂಪನಿ 1099-ಎಚ್‌ಸಿ ಎಂಬ ಅರ್ಧ ಪುಟದ ಫಾರಂ ಕಳಿಸುತ್ತದೆ. ವರ್ಷವಿಡೀ ವಿಮೆ ಇದ್ದರೆ ಒಂದೇ ಚೌಕಕ್ಕೆ ಗುರುತು, ಇಲ್ಲವಾದರೆ ತಿಂಗಳು ತಿಂಗಳಿಗೆ ಬೇರೆ ಚೌಕ. ರಾಜ್ಯದ ತೆರಿಗೆ ಕಟ್ಟುವಾಗ ಅದನ್ನು ನೋಡಿಕೊಂಡು ಇನ್ನೊಂದು ಪಟ್ಟಿ ತುಂಬಬೇಕು. ಮೂರು ತಿಂಗಳೊಳಗಿನ ಖಾಲಿ ಜಾಗಕ್ಕೆ ಮಾಫಿ. ಅದಕ್ಕಿಂತ ಹೆಚ್ಚಾದರೆ, ಕಟ್ಟುವ ಶಕ್ತಿ ಇದ್ದವರಿಗೆ, ಸಿಗಬಹುದಾಗಿದ್ದ ಅತಿ ಅಗ್ಗದ ವಿಮೆಯ ಕಂತಿನ ಅರ್ಧದವರೆಗೆ ದಂಡ. ಜನ ಸಾಮಾನ್ಯವಾಗಿ ಎಡವುವುದು ನೌಕರಿ ಬದಲಿಸುವಾಗ: ಎರಡು ವಿಮಾ ಕಂಪನಿಯಿಂದ ಎರಡು ಫಾರಂ ಬಂದಿರುತ್ತದೆ, ಒಂದನ್ನು ಜಾಹೀರಾತು ಎಂದು ಕಸಕ್ಕೆ ಹಾಕಿರುತ್ತಾರೆ.

ಮೇಲ್ಮನೆಯಾದ ಸೆನೆಟ್ಟಿನ ಮಸೂದೆ ಹೆಚ್ಚುಕಡಿಮೆ ಇದನ್ನೇ ದೇಶಕ್ಕೆ ಹಿಗ್ಗಿಸಿದ್ದು. ಡಿಸೆಂಬರ್ 24ರ ಬೆಳಗ್ಗೆ 60-39ರಲ್ಲಿ ಪಾಸಾಯಿತು. 2014ರಿಂದ ರಾಜ್ಯಕ್ಕೊಂದು ಎಕ್ಸ್‌ಚೇಂಜ್, ಅಂದರೆ ವಿಮೆಗಳನ್ನು ಒಂದೇ ಕಡೆ ಹೋಲಿಸಿ ಕೊಳ್ಳುವ ಸಂತೆ. ದಂಡ 2014ರಲ್ಲಿ 95 ಡಾಲರ್‌ನಿಂದ ಶುರುವಾಗಿ 2016ಕ್ಕೆ 750. ನನಗೆ ಕೇಳಿದರೆ ಇದು ಪುಕ್ಕಲು ದಂಡ. ಸಾವಿರಾರು ಡಾಲರ್ ಕಂತಿನ ಮುಂದೆ 95 ಯಾವ ಲೆಕ್ಕ? ಎರಡನೇ ಕಲ್ಲನ್ನು ಗಿಡ್ಡ ಇಟ್ಟರೆ ಪಾತ್ರೆ ವಾಲುತ್ತದೆ. ಬಡತನ ರೇಖೆಯ ಶೇಕಡಾ 133ರವರೆಗಿನವರಿಗೆ ಮೆಡಿಕೆಯ್ಡ್, ಅಲ್ಲಿಂದ ಶೇಕಡಾ 400ರವರೆಗೆ ಸಹಾಯಧನ.

ಸಹಾಯಧನದ ಕೊನೆಯಲ್ಲಿ ಒಂದು ಕಮರಿ ಇದೆ, ಪೇಪರಿನವರು ಇದನ್ನು ಬರೆಯುತ್ತಿಲ್ಲ. ನಾಲ್ಕು ಜನರ ಕುಟುಂಬಕ್ಕೆ ಈಗಿನ ಬಡತನ ರೇಖೆ 22,050. ಅದರ ನಾಲ್ಕು ಪಟ್ಟು 88,200. ಮೇಲಿನ ಹಂತದವರು ಆದಾಯದ ಶೇಕಡಾ 9.8 ಕಟ್ಟಿದರೆ ಸಾಕು, ಮಿಕ್ಕದ್ದು ಸರ್ಕಾರದ್ದು. ಕಂತು 13,000 ಎಂದಿಟ್ಟುಕೊಂಡರೆ, 88,200 ದುಡಿಯುವವನು ಸುಮಾರು 8,640 ಕಟ್ಟುತ್ತಾನೆ, 4,360 ಸಿಗುತ್ತದೆ. ಒಂದು ಡಾಲರ್ ಹೆಚ್ಚಿಗೆ ದುಡಿದವನು 13,000ವನ್ನೂ ತಾನೇ ಕಟ್ಟಬೇಕು. ಓವರ್‌ಟೈಮ್ ಮಾಡಿ ಬಡವನಾಗುವುದು ಅಂದರೆ ಇದೇ.

ಕೆಳಸದನದ ಮಸೂದೆ ನವೆಂಬರ್ 7ರಂದು 220-215ರಲ್ಲಿ ಪಾಸಾದದ್ದು. ಅದರಲ್ಲಿ ಸರ್ಕಾರವೇ ನಡೆಸುವ ಒಂದು ವಿಮೆಯೂ ಸಂತೆಯಲ್ಲಿರುತ್ತದೆ. ಸೆನೆಟ್ಟಿನದರಲ್ಲಿ ಅದನ್ನು ಕಿತ್ತರು. ಹಣಕ್ಕೆ ಕೆಳಸದನ ಕೈ ಹಾಕುವುದು ಐದು ಲಕ್ಷ ಡಾಲರ್ ಮೀರಿದ ಆದಾಯಕ್ಕೆ, ದಂಪತಿಯಾದರೆ ಹತ್ತು ಲಕ್ಷ. ಸೆನೆಟ್ ಕೈ ಹಾಕುವುದು 23,000 ಮೀರಿದ ಕುಟುಂಬದ ವಿಮೆಗೆ, ಹೆಚ್ಚಾದ ಭಾಗಕ್ಕೆ ಶೇಕಡಾ 40 ತೆರಿಗೆ. ಕಾರ್ಮಿಕ ಸಂಘಗಳು ಸಂಬಳ ಬಿಟ್ಟುಕೊಟ್ಟು ಒಳ್ಳೆಯ ವಿಮೆ ಪಡೆದಿದ್ದರಿಂದ ಅವರಿಗೆ ಎರಡನೆಯದು ಕೆಂಡ. ಮುದುಕರ ಸಾವು ನಿರ್ಧರಿಸುವ ಸಮಿತಿ ಮಸೂದೆಯಲ್ಲಿದೆ ಎಂದು ನೀವು ಓದಿದ್ದು ಶುದ್ಧ ಸುಳ್ಳು. ಕೊನೆಗಾಲದಲ್ಲಿ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ಡಾಕ್ಟರ ಹತ್ತಿರ ಮಾತಾಡಿದರೆ ಆ ಫೀಸನ್ನು ಮೆಡಿಕೇರ್ ಕೊಡುತ್ತದೆ ಎಂದಷ್ಟೇ ಕರಡಿನಲ್ಲಿತ್ತು.

ಎರಡೂ ಮಸೂದೆಗಳನ್ನು ಹೊಸೆದು ಒಂದು ಮಾಡುವಷ್ಟರಲ್ಲಿ ಈ ತಿಂಗಳ 19ನೇ ತಾರೀಕಿನ ಇಲ್ಲಿನ ಉಪಚುನಾವಣೆ ಬಂತು. ಸೆನೆಟ್ಟಿನಲ್ಲಿ ನೂರು ಜನ. ಚರ್ಚೆ ಎಳೆಯುವುದನ್ನು ನಿಲ್ಲಿಸಿ ಮತಕ್ಕೆ ಹಾಕಲು 60 ಬೇಕು. ಡೆಮಾಕ್ರಟರ ಹತ್ತಿರ ಸರಿಯಾಗಿ 60 ಇತ್ತು. ಜೀವಮಾನವಿಡೀ ಇದೇ ಕಾನೂನಿಗೆ ಹೋರಾಡಿದ ಈ ರಾಜ್ಯದ ಸೆನೆಟರ್ ಟೆಡ್ ಕೆನಡಿ ಆಗಸ್ಟ್‌ನಲ್ಲಿ ತೀರಿಕೊಂಡರು, ಅವರ ಸೀಟನ್ನು ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದರು. 60 ಆಗದಂತೆ 41ನೆಯ ವಿರೋಧಿಯಾಗಿ ನಾನು ಇದನ್ನು ತಡೆಯುತ್ತೇನೆ ಎಂದೇ ಓಟು ಕೇಳಿದ ಇವರು 2006ರಲ್ಲಿ ಇಲ್ಲಿನ ಕಾನೂನಿನ ಪರವಾಗಿ ಕೈ ಎತ್ತಿದವರು! ತಮ್ಮ ಎಲೆಗೆ ಬಡಿಸಿ ಆಯಿತು, ಪಕ್ಕದ ಪಂಕ್ತಿಗೆ ಯಾಕೆ ಅನ್ನುವ ಹಾಗೆ ಇಲ್ಲಿನ ಮತದಾರರು ನಡೆದುಕೊಂಡರು ಎಂದು ನನಗನಿಸುತ್ತದೆ.

ಉಳಿದಿರುವುದು ಒಂದು ಕಾಲುದಾರಿ. ಸೆನೆಟ್ ಪಾಸು ಮಾಡಿದ್ದನ್ನು ಒಂದಕ್ಷರ ಬದಲಿಸದೆ ಕೆಳಸದನ ಒಪ್ಪಿದರೆ ಅದು ನೇರ ಅಧ್ಯಕ್ಷರ ಸಹಿಗೆ ಹೋಗುತ್ತದೆ, ಸೆನೆಟ್ಟಿಗೆ ವಾಪಸು ಬರಬೇಕಿಲ್ಲ. ಆಮೇಲೆ ತೆರಿಗೆ, ಸಹಾಯಧನದಂಥ ಹಣಕಾಸಿನ ತಿದ್ದುಪಡಿಗಳನ್ನು ರೀಕನ್ಸಿಲಿಯೇಶನ್ ಎಂಬ ಬಜೆಟ್ ವಿಧಾನದಲ್ಲಿ ತರಬಹುದು, ಅದಕ್ಕೆ ಸಾದಾ ಬಹುಮತ ಸಾಕು. ಅದರಲ್ಲಿ ಹಣಕ್ಕೆ ಸಂಬಂಧಿಸದ್ದನ್ನು ತುರುಕುವಂತಿಲ್ಲ. ಸದ್ಯಕ್ಕೆ ಅಷ್ಟು ಮತ ಕೆಳಸದನದಲ್ಲಿ ಇಲ್ಲ ಎಂದು ಸ್ಪೀಕರ್ ನ್ಯಾನ್ಸಿ ಪೆಲೋಸಿ ಗುರುವಾರ ಹೇಳಿದ್ದಾರೆ.

ನಿಮ್ಮ ಸ್ನೇಹಿತರು ಕೇಳಿದ ವಿಷಯ. ಮಗ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡರೂ 65 ದಾಟಿದ ತಂದೆತಾಯಿಗೆ ಮೆಡಿಕೇರ್ ತಕ್ಷಣ ಸಿಗುವುದಿಲ್ಲ. ಐದು ವರ್ಷ ಬಿಡದೆ ಇಲ್ಲಿ ವಾಸವಿರಬೇಕು. ಇಲ್ಲಿ ದುಡಿದ ದಾಖಲೆ ಇಲ್ಲದ್ದರಿಂದ ಈ ವರ್ಷದ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 461, ಡಾಕ್ಟರ ಭಾಗಕ್ಕೆ 110.50 ಡಾಲರ್ ಕಂತು, ತಲಾ. ಸೆನೆಟ್ ಮಸೂದೆ ಕಾನೂನಾದರೆ ಆ ಐದು ವರ್ಷ ಅವರು ಎಕ್ಸ್‌ಚೇಂಜಿನಲ್ಲಿ ಕೊಳ್ಳಬಹುದು, ಆದರೆ 2014ರ ಮೇಲೆ. ಪೂರ್ತಿ ನಂಬಿಕೊಂಡು ಮನೆ ಮಾರಿ ಬರುವುದು ಬೇಡ ಎಂದು ಹೇಳಿ. ಇದೇ ರಾಜ್ಯದಲ್ಲಿ ಕಳೆದ ವರ್ಷ ಬೊಕ್ಕಸ ಬರಿದಾದಾಗ ಸಹಾಯಧನದಿಂದ ಮೊದಲು ಹೊರಬಿದ್ದವರು ಐದು ವರ್ಷ ತುಂಬದ ಕಾನೂನುಬದ್ಧ ವಲಸಿಗರೇ, ಸುಮಾರು 30,000 ಜನ. ಆಮೇಲೆ ಅವರಿಗೆ ಬೇರೊಂದು ಕಡಿಮೆ ದರ್ಜೆಯ ಯೋಜನೆ ಕೊಟ್ಟರು.

ನೀವು ಮತ್ತು ಚಿಕ್ಕಮ್ಮ ಬೇಸಿಗೆಗೆ ವಿಸಿಟರ್ ವೀಸಾದಲ್ಲಿ ಬರುವುದಕ್ಕೆ ಈ ಮಸೂದೆ ಆದರೂ ಒಂದೇ, ಬಿದ್ದರೂ ಒಂದೇ. ಪ್ರವಾಸಿ ವಿಮೆ ಕೊಳ್ಳಲೇಬೇಕು. ಅದರಲ್ಲಿ ಎರಡು ಜಾತಿ. ಒಂದು ಪ್ರತಿ ಚಿಕಿತ್ಸೆಗೆ ಇಷ್ಟೇ ಎಂದು ನಿಗದಿಪಡಿಸಿದ್ದು. ಅಗ್ಗ, ಆದರೆ ಇಲ್ಲಿನ ಬಿಲ್ಲಿನ ಮುಂದೆ ಉಪ್ಪಿನಕಾಯಿಗೂ ಸಾಲದು. ಇನ್ನೊಂದು ಡಿಡಕ್ಟಿಬಲ್ ಕಳೆದು ಬಿಲ್ಲಿನ ಶೇಕಡಾವಾರು ಕೊಡುವುದು. ಎರಡನೆಯದನ್ನೇ ತೆಗೆದುಕೊಳ್ಳೋಣ. ಎಪ್ಪತ್ತು ದಾಟಿದವರಿಗೆ ಗರಿಷ್ಠ ಮೊತ್ತ ಇಳಿಸಿರುತ್ತಾರೆ, ಆ ಸಾಲನ್ನು ಹುಡುಕಿ ಓದಿ. ಚಿಕ್ಕಮ್ಮನ ಬಿಪಿ, ಸಕ್ಕರೆ ಮೊದಲೇ ಇದ್ದ ಕಾಯಿಲೆಯಾದ್ದರಿಂದ ಅವಕ್ಕೆ ಸಂಬಂಧಿಸಿದ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅರ್ಜಿಯಲ್ಲಿ ಮುಚ್ಚಿಡಲು ಏಜೆಂಟ್ ಹೇಳಿದರೂ ಒಪ್ಪಬೇಡಿ. ಇಲ್ಲಿರುವ ದಿನಗಳಿಗೆ ಆಗುವಷ್ಟು ಮಾತ್ರೆ, ಮೇಲೆ ಎರಡು ವಾರದ್ದು, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿರಲಿ. ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಷ್ಟೇ ಬೇಡ, ಔಷಧಿಯ ಮೂಲ ಹೆಸರನ್ನೂ ಬರೆಸಿ, ಅಲ್ಲಿನ ಬ್ರ್ಯಾಂಡ್ ಇಲ್ಲಿನವರಿಗೆ ಗೊತ್ತಾಗುವುದಿಲ್ಲ. ಪಾಲಿಸಿ ಕೊಳ್ಳುವ ಮೊದಲು ಷರತ್ತಿನ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿ, ನಾನೂ ಒಮ್ಮೆ ನೋಡುತ್ತೇನೆ.

ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಅಣ್ಣನ ಮಗಳು