ಮಾದರಿ ತೆಗೆಯುವಾಗ

ಚಿ. ವೀಣಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೆಲಸಕ್ಕೆ ಸೇರಿದ್ದು ಕೇಳಿ ಬಹಳ ಸಂತೋಷವಾಯಿತು. 1981ರ ವಾಯು ಕಾಯ್ದೆಯಲ್ಲಿ ಗಾಳಿ, ಹೊಗೆಯ ಮಾದರಿ ತೆಗೆಯುವ ಕ್ರಮ ಹೇಳುವ 26ನೇ ಕಲಂ ಅನ್ನು ಮೊದಲು ಬಾಯಿಪಾಠ ಮಾಡಿಕೊ. ಸಮ್ಮತಿ ಕೊಡುವ 21, ಕಾರ್ಖಾನೆ ಮುಚ್ಚಿಸಿ ವಿದ್ಯುತ್ ಕಡಿತ ಮಾಡಿಸುವ 31ಎ ಬೇಗ ಬಾಯಿಗೆ ಬರುತ್ತವೆ. ಆದರೆ ಕೇಸು ನಿಲ್ಲುವುದು, ಬೀಳುವುದು 26ರ ಮೇಲೆ. ಮಾದರಿಯನ್ನು ಪರೀಕ್ಷೆಗೆ ಕಳಿಸುತ್ತೇವೆಂಬ ನೋಟಿಸನ್ನು ಅಲ್ಲೇ, ಆಗಲೇ ಕಾರ್ಖಾನೆಯವರ ಕೈಗೆ ಕೊಡಬೇಕು. ಅವರೆದುರೇ ಮಾದರಿ ತೆಗೆದು, ಗುರುತು ಹಾಕಿ, ಮೊಹರು ಮಾಡಿ, ಇಬ್ಬರೂ ಸಹಿ ಹಾಕಬೇಕು. ತಡಮಾಡದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಅವರು ಸಹಿಗೆ ಒಪ್ಪದಿದ್ದರೆ ನೀನೊಬ್ಬಳೇ ಸಹಿ ಮಾಡಿ, ಆ ಸಂಗತಿಯನ್ನೂ ಬರೆದು ಕಳಿಸು. ಈ ಕ್ರಮ ತಪ್ಪಿದರೆ ವರದಿ ಎಷ್ಟೇ ನಿಜವಿದ್ದರೂ ಸಾಕ್ಷ್ಯವಾಗುವುದಿಲ್ಲ.

ಇನ್ನು ಚಿಮಣಿ. ಹೊಗೆ ಏರುವ ವೇಗಕ್ಕೆ ಸರಿಯಾಗಿ ಮಾದರಿ ತೆಗೆಯುವ ನಳಿಕೆಯೂ ಎಳೆಯಬೇಕು. ನೂರಕ್ಕೆ ಹತ್ತು ಹೆಚ್ಚುಕಡಿಮೆಯಾದರೆ ಪರವಾಗಿಲ್ಲ, ಅದಕ್ಕಿಂತ ಮೀರಬಾರದು. ಜೋರಾಗಿ ಎಳೆದರೆ ದಪ್ಪ ಕಣಗಳು ತಮ್ಮ ಭಾರಕ್ಕೆ ನಳಿಕೆಯತ್ತ ತಿರುಗದೆ ನೇರ ಹೋಗಿಬಿಡುತ್ತವೆ, ಹೊಗೆ ಇರುವುದಕ್ಕಿಂತ ಶುದ್ಧವಾಗಿ ಕಾಣುತ್ತದೆ. ನಿಧಾನವಾದರೆ ಅವೇ ಕಣಗಳು ಒಳನುಗ್ಗಿ ಲೆಕ್ಕ ಏರುತ್ತದೆ. ಆಗ ಕಾರ್ಖಾನೆಗೆ ಅನ್ಯಾಯ. ನಳಿಕೆ ತೂರಿಸುವ ರಂಧ್ರ ಚಿಮಣಿಯ ಬಾಗಿನ ಪಕ್ಕದಲ್ಲಿದ್ದರೆ ಹರಿವು ಸುಳಿಯುತ್ತಿರುತ್ತದೆ. ಬಾಗು ದಾಟಿ ಎಂಟು ವ್ಯಾಸ ಮೇಲೆ, ತುದಿಗೆ ಎರಡು ವ್ಯಾಸ ಕೆಳಗೆ ಇರುವ ಜಾಗ ಒಳ್ಳೆಯದು.

ಊರಿನ ಗಾಳಿಯ ಪಿಎಂ10ಕ್ಕೆ (ಹತ್ತು ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ದೂಳಿನ ಕಣಗಳಿಗೆ) ದಿನದ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ, ವಾರ್ಷಿಕ ಸರಾಸರಿಗೆ 60. ಆ ಸರಾಸರಿಗೆ ವಾರಕ್ಕೆರಡರಂತೆ ಕನಿಷ್ಠ 104 ಅಳತೆ ಬೇಕು. ಮಳೆಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ ಅಳೆದು 104 ತುಂಬಿಸಿದರೆ ಅದು ಸರಾಸರಿಯೇ ಅಲ್ಲ.

ಯಂತ್ರದಲ್ಲಿ ದೂಳು ಹಿಡಿಯುವ ಫಿಲ್ಟರ್ ಕಾಗದ ತೇವ ಹೀರುತ್ತದೆ. ಹಾಕುವ ಮೊದಲೂ ತೆಗೆದ ಮೇಲೂ 24 ಗಂಟೆ ಒಂದೇ ಒಣ ವಾತಾವರಣದಲ್ಲಿಟ್ಟೇ ತೂಗು. ದೂಳು ತುಂಬುತ್ತ ಹೋದಂತೆ ಎಳೆತವೂ ಇಳಿಯುತ್ತದೆ. ಶುರುವಿನ ಹರಿವನ್ನಷ್ಟೇ ಬರೆದರೆ ಗಾಳಿಯ ಪ್ರಮಾಣ ಉಬ್ಬಿ, ದೂಳು ಕಡಿಮೆ ಕಾಣುತ್ತದೆ. ಶುರುವಿನದೂ ಕೊನೆಯದೂ ಬರೆ.

ವಾಯು ಗುಣಮಟ್ಟ ಸೂಚ್ಯಂಕಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳು ಬೇಕು, ಅದರಲ್ಲೊಂದು ಪಿಎಂ ಆಗಿರಲೇಬೇಕು, 16 ಗಂಟೆಯ ದತ್ತಾಂಶವೂ ಬೇಕು. ಕರೆಂಟು ಹೋಗಿ ಯಂತ್ರ ನಿಂತ ಗಂಟೆಗಳನ್ನು ಖಾಲಿ ಬಿಟ್ಟು, ಕಾರಣವನ್ನು ಅಂದೇ ದಾಖಲೆ ಪುಸ್ತಕದಲ್ಲಿ ಬರೆದಿಡು. ಹಿಂದಿನ ದಿನದ ಅಂಕಿ ತುಂಬಿಸು ಎಂದು ಯಾರು ಹೇಳಿದರೂ ಒಪ್ಪಬೇಡ.

ಇಂತಿ,
ನಿನ್ನ ದೊಡ್ಡಪ್ಪ